ಅಮ್ಮಯಮ್ಮನ ಹೊಲದಲ್ಲಿ ಅಂಗಾರಕ-೯

ನಮ್ಮೂರಿನ ಡ್ರಾಯಿಂಗ್ ಮೇಷ್ಟ್ರು ಗೋಪಾಲಪ್ಪನವರು ಸಾಧುಪ್ರಾಣಿ. ಬೈದರೆ ನಗುತ್ತಾರೆ, ಬಸ್ಸು ತಪ್ಪಿದರೆ ನಡೆಯುತ್ತಾರೆ, ಸಾರಿನಲ್ಲಿ ಉಪ್ಪಿಲ್ಲದಿದ್ದರೆ ತಮ್ಮ ನಾಲಿಗೆಯೇ ಕೆಟ್ಟಿರಬೇಕು ಎಂದುಕೊಳ್ಳುತ್ತಾರೆ. ಆದರೆ ಅವರು ಕೈಯಾರೆ ಮಾಡಿದ ವಾಹನವನ್ನು ಯಾರಾದರೂ ‘ಆಟದ ಸಾಮಾನು’ ಎಂದರೆ ಮಾತ್ರ ಅವರ ಕಿವಿಯ ತುದಿ ಕೆಂಪಾಗುತ್ತದೆ. ಕಳೆದ ದಸರೆಯಲ್ಲಿ ನಡೆದ ಸಕಲ ಅನರ್ಥಗಳಿಗೂ ಆ ಕೆಂಪು ಕಿವಿಯೇ ಮೂಲ. ನಾನು ಪಕ್ಕದ ಮನೆಯವನು. ಶನಿವಾರ ಆಂಜನೇಯನ ಗುಡಿಯಲ್ಲಿ ಕಾವ್ಯವಾಚನ ಕೇಳುವುದು ಬಿಟ್ಟರೆ ನನಗೆ ಬೇರೆ ಚಟವಿಲ್ಲ. ಸುಮ್ಮನೆ ಕೂತು ಕೇಳುವವನಿಗೆ ಊರು ಎಲ್ಲವನ್ನೂ ಹೇಳಿಬಿಡುತ್ತದೆ. ಹಾಗೆ ಕೇಳಿದ್ದನ್ನು, ಕಂಡದ್ದನ್ನು ಹೇಳುತ್ತಿದ್ದೇನೆ.

ವಾಹನದ ಹೆಸರು ಅಂಗಾರಕ-೯. ಮಂಗಳ ಗ್ರಹದಲ್ಲಿ ಮಣ್ಣು ಅಗೆದು ಲೋಹ ತೆಗೆಯುವ ಗಾಡಿ. ಅಂಥದ್ದು ಎಲ್ಲಿಯೂ ಇಲ್ಲ. ಇನ್ನು ನೂರೈವತ್ತು ವರ್ಷ ಆದಮೇಲೆ ಇರಬಹುದು ಎಂದು ಗೋಪಾಲಪ್ಪನವರ ಲೆಕ್ಕ. ಎರಡು ಅಡಿ ಉದ್ದ. ಆದರೆ ಈ ಎರಡು ಅಡಿಯ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿಲ್ಲ. ‘ಒಂದಕ್ಕೆ ಆರುನೂರರ ಅಳತೆ ಸ್ವಾಮಿ, ಅಂದ್ರೆ ಉದ್ದ ಸಾವಿರದ ಇನ್ನೂರು ಅಡಿ’ ಎನ್ನುತ್ತಿದ್ದರು. ಅದರ ಮೇಲೆ ಎಳ್ಳುಕಾಳಿನಷ್ಟು ಎತ್ತರದ ಕೆಲಸಗಾರರು ನಿಂತಿದ್ದರು. ಅವರು ಬಿದ್ದುಹೋಗದಿರಲೆಂದು ಅಂಚಿಗೆಲ್ಲ ಕೈಪಿಡಿ ಕಂಬಿ. ಸುಟ್ಟುಹೋದ ಬೋರ್‌ವೆಲ್ ಮೋಟರಿನ ತಾಮ್ರದ ತಂತಿಯನ್ನು ಬಿಚ್ಚಿ, ಕೂದಲಿನಷ್ಟು ತೆಳ್ಳಗಿನದನ್ನು ಆರಿಸಿ, ಚಿಮಟದಲ್ಲಿ ಹಿಡಿದು ಅಂಟಿಸಿದ ಕಂಬಿ ಅದು. ಒಂದೊಂದು ಅಂಗುಲಕ್ಕೆ ಒಂದೊಂದು ಸಂಜೆ ಹಿಡಿದಿತ್ತು.

ಪೇಟೆಯ ಹವ್ಯಾಸಿಗಳು ಇಂಥವಕ್ಕೆ ರಾಳ, ಹಿತ್ತಾಳೆ ತಗಡು ಎಂದು ವಿದೇಶದಿಂದ ತರಿಸುತ್ತಾರಂತೆ. ಗೋಪಾಲಪ್ಪನವರಿಗೆ ತಿಪ್ಪೆಯೇ ವಿದೇಶ. ಡೇರಿಯ ಸ್ಯಾಂಪಲ್ ಬಾಟಲಿಯ ಮುಚ್ಚಳಗಳು ಗಾಲಿಗಳಾದವು. ಹನಿ ನೀರಾವರಿ ಪೈಪಿನ ತುಂಡುಗಳು ಎಣ್ಣೆ ಕೊಳವೆಗಳಾದವು. ದನದ ಡಾಕ್ಟರು ಬಿಸಾಡಿದ ಸಿರಿಂಜು ಅಗೆಯುವ ಕೊಳವೆಯಾಯಿತು. ಹೊಸಕೋಟೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಹೈದರ್ ಅವರ ಗೆಳೆಯ. ಅವನು ದೀಪದ ಗಾಜೊಂದು ಬಿಟ್ಟು ಎಲ್ಲದರ ಮೇಲೂ ಬೂದು ಬಣ್ಣ ಹೊಡೆದ. ಬಣ್ಣದ ಮಹಿಮೆ ದೊಡ್ಡದು. ಒಂದು ಸಲ ಬೂದು ಬಿದ್ದರೆ ಸಿರಿಂಜು ಯಾವುದು, ಯಂತ್ರ ಯಾವುದು ಎಂದು ಅದನ್ನು ಮಾಡಿದ ಬ್ರಹ್ಮನಿಗೂ ತಿಳಿಯುವುದಿಲ್ಲ.

‘ಮೇಷ್ಟ್ರೇ, ಗಿರಾಕಿ ಕಾರಿಗೂ ನಾನು ನಾಲ್ಕು ಕೋಟ್ ಹೊಡೆಯಲ್ಲ’ ಎಂದ ಹೈದರ್. ‘ನೋಡಿ ಹೆಂಗೆ ಹೊಳೀತದೆ.’

‘ಅದೇ ತಪ್ಪು ಕಣಪ್ಪ’ ಎಂದರು ಗೋಪಾಲಪ್ಪ. ‘ಗಣೀಲಿ ದುಡಿಯೋ ಗಾಡಿ ಮದುವೆ ಕಾರಿನ ಹಂಗೆ ಹೊಳೀಬಾರ್ದು.’

ಆದ್ದರಿಂದ ಅವರು ಎದುರುಮನೆ ಅಮ್ಮಯಮ್ಮನ ಗುಲಾಬಿ ಹೊಲದಿಂದ ಒಂದು ಹಿಡಿ ಕೆಂಪು ಮಣ್ಣು ತಂದರು. ಹೆಂಡತಿಯ ಹಳೆಯ ಸೀರೆಯಲ್ಲಿ ಮೂರು ಸಲ ಜರಡಿ ಹಿಡಿದು, ಅಂಟಿನ ನೀರಿನಲ್ಲಿ ಕದಡಿ, ಗಾಲಿಗಳಿಗೆ, ಹೊಟ್ಟೆಗೆ, ಮೆಟ್ಟಿಲ ಸಂದಿಗೆ ಸವರಿದರು. ಗಾಡಿ ಹತ್ತು ವರ್ಷ ದುಡಿದು ಬಂದಂತೆ ಕಂಡಿತು. ಹನ್ನೊಂದು ತಿಂಗಳ ಕೆಲಸ ಮುಗಿಯಿತು. ಭಾನುವಾರ ಬೆಂಗಳೂರಿನಲ್ಲಿ ಇಂಥ ಮಾದರಿಗಳ ಪ್ರದರ್ಶನ. ಬೆಳಿಗ್ಗೆ ಹನ್ನೊಂದರೊಳಗೆ ಮೇಜಿನ ಮೇಲೆ ಇಟ್ಟವರದ್ದು ಮಾತ್ರ ಸ್ಪರ್ಧೆಗೆ. ಗೋಪಾಲಪ್ಪನವರಿಗೆ ಐವತ್ತೆರಡು ವರ್ಷ. ತನ್ನ ಕೆಲಸವನ್ನು ತಿಳಿದವರೊಬ್ಬರು ಬಗ್ಗಿ ನೋಡಬೇಕು ಎಂಬುದೊಂದೇ ಆಸೆ. ಇಡೀ ಕಥೆಯಲ್ಲಿ ಅವರು ಕೇಳಿದ್ದು ಇಷ್ಟೇ.

ಅಲ್ಲಿಯವರೆಗೆ ಆರು ದಿನ ಅದನ್ನು ಎಲ್ಲಿಡುವುದು?

ಗೋಪಾಲಪ್ಪನವರ ಹೆಂಡತಿ ಪ್ರಮೋದಾ ಮೈಸೂರು ಕಡೆಯವರು. ನಮ್ಮೂರಿನಲ್ಲಿ ದಸರೆಗೆ ಗೊಂಬೆ ಕೂರಿಸುವ ಮನೆ ಅದೊಂದೇ. ಈ ಸಲ ಮೆಟ್ಟಿಲುಗಳ ಕೆಳಗೆ ದೊಡ್ಡ ತಟ್ಟೆಯಲ್ಲಿ ರಾಗಿ ಮೊಳೆಸಿ, ನಮ್ಮೂರನ್ನೇ ಮಾಡಿದ್ದರು. ಕೆರೆಗೆ ಒಂದು ಕನ್ನಡಿ, ಗುಡಿಗೆ ಒಂದು ಗೋಪುರ, ಬೆಂಕಿಪೊಟ್ಟಣದ ಮನೆಗಳು. ಅಮ್ಮಯಮ್ಮನ ಮನೆಗೆ ನೀಲಿ ಬಾಗಿಲು ಸಹಿತ. ಸೋಮವಾರ ಗೊಂಬೆಗಳು ಕೂತವು. ಶೋಕೇಸು, ಬೀರು, ಮಂಚದಡಿ ಎಲ್ಲ ತುಂಬಿದ್ದರಿಂದ ಗೋಪಾಲಪ್ಪನವರು ಅಂಗಾರಕವನ್ನು ತಂದು ಆ ಊರಿನ ಪೂರ್ವದಿಕ್ಕಿನ ಹಸಿರಿನ ಮೇಲೆ ಇಟ್ಟರು. ಬೆಂಕಿಪೊಟ್ಟಣದ ಮನೆಗಳ ಪಕ್ಕದಲ್ಲಿ ಅದು ಊರನ್ನು ನುಂಗಲು ಬಂದಂತೆ ಕಾಣುತ್ತಿತ್ತು. ಅಳತೆಯ ಪ್ರಕಾರ ಅದು ಸರಿಯೇ ಆಗಿತ್ತು ಎಂಬುದು ಅವರ ಸಂತೋಷ.

ಮಂಗಳವಾರ ಸಂಜೆ ಅಮ್ಮಯಮ್ಮ ಕುಂಕುಮಕ್ಕೆ ಬಂದರು. ಎಪ್ಪತ್ತರ ಗಟ್ಟಿ ಮುದುಕಿ. ಒಂದೂವರೆ ಎಕರೆ ಗುಲಾಬಿಯನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಗೊಂಬೆಗಳಿಗೆ ಕೈಮುಗಿದು, ತಟ್ಟೆಯ ಊರಿನಲ್ಲಿ ತಮ್ಮ ನೀಲಿ ಬಾಗಿಲು ಹುಡುಕಿ ಸಂತೋಷಪಟ್ಟು, ಕಣ್ಣನ್ನು ಪೂರ್ವಕ್ಕೆ ಹೊರಳಿಸಿದರು.

‘ಇದೇನ್ ಮೇಷ್ಟ್ರೇ, ನಮ್ಮ ಹೊಲದ್ ಮ್ಯಾಲೆ?’

ಆಟದ ಸಾಮಾನು ಅನ್ನುವುದೊಂದನ್ನು ಬಿಟ್ಟು ಏನು ಕೇಳಿದರೂ ಉತ್ತರಿಸಲು ಗೋಪಾಲಪ್ಪನವರು ಸಿದ್ಧರಾಗಿದ್ದರು. ‘ಅಗೆಯೋ ಗಾಡಿ ಅಮ್ಮಯಮ್ಮಾರೆ. ಸಾವಿರದ ಇನ್ನೂರು ಅಡಿ ಉದ್ದ. ಮುನ್ನೂರ ನಲವತ್ತು ಜನ ಒಳಗೇ ಇರ್ತಾರೆ. ಒಂದು ಸಲ ಇಳೀತು ಅಂದ್ರೆ ನಿಲ್ಲಂಗಿಲ್ಲ, ಮಣ್ಣೆಲ್ಲ ತಗೊಂಡು ಹೋಗುತ್ತೆ.’

‘ಎಲ್ಲೈತೆ ಅದೀಗ?’

‘ಇನ್ನೂ ಬಂದಿಲ್ಲ. ಬರ್ಬೇಕು.’

ಅಮ್ಮಯಮ್ಮ ಬಗ್ಗಿದರು. ಗಾಲಿಗೆ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆದು, ಬೆರಳುಗಳ ನಡುವೆ ಉಜ್ಜಿ, ಮೂಸಿ, ಒಂದು ಚೂರು ನಾಲಿಗೆಗೆ ಇಟ್ಟುಕೊಂಡರು. ಐವತ್ತು ವರ್ಷ ಒಂದೇ ಹೊಲವನ್ನು ಕೆದಕಿದವರಿಗೆ ತಮ್ಮ ಮಣ್ಣು ತಮ್ಮ ಮಗುವಿನಷ್ಟೇ ಗುರುತು.

‘ಬಂದಿಲ್ಲ ಅಂತೀರಿ’ ಎಂದರು ಮೆಲ್ಲಗೆ. ‘ಇದು ನಮ್ಮ ಹೊಲದ ಮಣ್ಣು ಮೇಷ್ಟ್ರೇ. ಆಗ್ಲೇ ಬಂದು ತುಳಿದ್ಬಿಟ್ಟು ಹೋಗೈತೆ.’

ಮಣ್ಣು ಕದ್ದದ್ದು ಸಿಕ್ಕಿಬಿತ್ತೆಂದು ಗೋಪಾಲಪ್ಪನವರು ಬೆವರಿ ಮಾತೇ ಆಡಲಿಲ್ಲ. ಆ ಮೌನವನ್ನು ಅಮ್ಮಯಮ್ಮ ಸರ್ಕಾರಿ ಮೌನವೆಂದು ತಿಳಿದು, ಕುಂಕುಮದ ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಟರು.

ಹೊರಗಿನವರಿಗೆ ಇದು ಅತಿರೇಕ ಎನಿಸಬಹುದು. ನಮ್ಮ ಸೀಮೆಯ ನಡಾವಳಿ ಬೇರೆ. ಇಲ್ಲಿ ಏನೇ ಬರುವುದಿದ್ದರೂ ಮೊದಲು ಅದರ ಗೊಂಬೆ ಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಪುಟ್ಟ ಮನೆ, ಪುಟ್ಟ ಮರ, ಸ್ಪಂಜಿನ ಹುಲ್ಲು. ಆರು ತಿಂಗಳಿಗೆ ಕಾಂಪೌಂಡು. ಗಾಜಿನ ಪೆಟ್ಟಿಗೆಯನ್ನು ನೋಡಿ ನಕ್ಕ ಊರುಗಳೆಲ್ಲ ಈಗ ಬಡಾವಣೆಗಳಾಗಿವೆ. ಆದ್ದರಿಂದ ನಮ್ಮವರು ಗೊಂಬೆಯನ್ನು ನೋಡಿ ನಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಬುಧವಾರ ಬೆಳಿಗ್ಗೆಯೇ ಮಂಜೇಶ ಬಂದ. ಪಂಚಾಯತಿ ಮೆಂಬರು, ಬಿಡುವಾದಾಗ ಸೈಟು ವ್ಯಾಪಾರ, ಅಂದರೆ ಸದಾ ಸೈಟು ವ್ಯಾಪಾರ. ಅಂಗಾರಕದ ಸುತ್ತ ಮೊಣಕಾಲೂರಿ ಒಂದು ಪ್ರದಕ್ಷಿಣೆ ಹಾಕಿ, ಕೈಪಿಡಿ ಕಂಬಿಯನ್ನು ಕಣ್ಣು ಕಿರಿದು ಮಾಡಿ ನೋಡಿದ.

‘ಗುರುಗಳೇ, ಇಷ್ಟು ಸೂಕ್ಷ್ಮ ಕೆಲಸ ಸುಮ್‌ಸುಮ್ನೆ ಯಾರೂ ಮಾಡಲ್ಲ. ಯಾವ್ ಕಂಪನಿ?’

‘ಕಂಪನಿ ಗಿಂಪನಿ ಇಲ್ಲಪ್ಪ. ನಾನೇ ಮಾಡಿದ್ದು. ಇದು ಮಂಗಳ ಗ್ರಹದ್ದು.’

‘ಸರಿ, ಹೇಳ್ಬೇಡಿ.’ ಮಂಜೇಶ ಮುನಿಸಿಕೊಳ್ಳಲಿಲ್ಲ. ‘ಇಲ್ಲಿ ವಿಮಾನ ಇಳೀತದೆ ಅಂದಾಗ ನಮ್ಮಜ್ಜನೂ ನಕ್ಕಿದ್ದು. ನಮ್ಮದು ಕೆರೆ ಪಕ್ಕ ಮೂರೆಕರೆ ಐತೆ, ಗೊತ್ತಲ್ಲ? ನೀರೂ ಹತ್ರ. ಪರಿಹಾರದ ದುಡ್ಡು ಬರೋದಾದ್ರೆ ನಮಗೇ ಬರ್ಲಿ. ಇದನ್ನ ಒಂಚೂರು, ಒಂದೇ ಅಂಗುಲ, ಆ ಕಡೆ ಸರಿಸ್ಬೋದಾ ಅಂತ.’

ಬೇಡ ಎನ್ನುವಷ್ಟರಲ್ಲಿ ಅವನೇ ಎರಡು ಕೈಯಲ್ಲಿ ಹಿಡಿದು ಸರಿಸಿಬಿಟ್ಟಿದ್ದ. ಸಣ್ಣದೊಂದು ಸದ್ದು ಬಂತು. ಎಡಗಡೆಯ ಮೆಟ್ಟಿಲ ಕಂಬಿ, ಮೂರು ಸಂಜೆಯ ಕೆಲಸ, ಕೆರೆಯ ಕನ್ನಡಿಯ ಮೇಲೆ ಬಿತ್ತು.

ಅಂದಿನಿಂದ ಆ ಮನೆಗೆ ಬಂದ ಜನ ಪ್ರಮೋದಾ ಅವರ ಪಟ್ಟದ ಗೊಂಬೆಗಳನ್ನು ನೋಡಲು ಬಂದವರಲ್ಲ. ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೂ ಹೋಳಿಗೆಯೋ ಬಾಳೆಗೊನೆಯೋ ತಂದರು. ಡೇರಿ ಸೆಕ್ರೆಟರಿ ಅದನ್ನು ಉತ್ತರಕ್ಕೆ ಸರಿಸಿದರು. ಅಣ್ಣತಮ್ಮಂದಿರಿಬ್ಬರು ಅದನ್ನು ತಮ್ಮಿಬ್ಬರ ಬದುವಿನ ಸರಿಯಾಗಿ ಮಧ್ಯಕ್ಕೆ ತಂದು, ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರಿಗೊಬ್ಬರು ಮಾತಾಡಿದರು. ಅಮ್ಮಯಮ್ಮ ದಿನಕ್ಕೆರಡು ಸಲ ಬಂದು, ಅದು ತಮ್ಮ ಹೊಲಕ್ಕೆ ವಾಪಸು ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಊರಾಚೆಗೆ ತಳ್ಳಿ ಹೋಗುತ್ತಿದ್ದರು. ‘ಯಾರಿಗೆ ಬೇಕೋ ಅವರಿಗೆ ಹೋಗ್ಲಿ. ನನ್ನ ಗುಲಾಬಿ ತಂಟೆಗೆ ಬೇಡ.’

‘ಕೂರಿಸಿದ ಗೊಂಬೆ ವಿಜಯದಶಮಿವರೆಗೂ ಕದಲಿಸ್ಬಾರ್ದು, ಅಪಚಾರ’ ಎಂದರು ಪ್ರಮೋದಾ.

‘ಇದು ಗೊಂಬೆ ಅಲ್ವಲ್ಲಮ್ಮ’ ಎಂದರು ಡೇರಿ ಸೆಕ್ರೆಟರಿ. ಗೋಪಾಲಪ್ಪನವರ ಕಿವಿ ಕೆಂಪಾಗಲು ಕಾರಣವೇ ಉಳಿದಿರಲಿಲ್ಲ. ಹನ್ನೊಂದು ತಿಂಗಳಲ್ಲಿ ಮೊದಲ ಬಾರಿಗೆ ಊರಿಗೆ ಊರೇ ಅವರ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡಿತ್ತು. ಹಗಲು ಜನ ಮುರಿದದ್ದನ್ನು ಅವರು ಸಂಜೆ ಅಂಟಿಸುತ್ತಿದ್ದರು. ಮರುದಿನ ಹೋಳಿಗೆ ಹಿಡಿದು ಬಂದವರು ಮತ್ತೊಂದನ್ನು ಮುರಿಯುತ್ತಿದ್ದರು.

ಶುಕ್ರವಾರ ರೆವಿನ್ಯೂ ಇನ್ಸ್‌ಪೆಕ್ಟರು ಬಂದರು. ಹೆಸರು ಸುನಿಲ್‌ಕುಮಾರ್. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಮಂಜೇಶನೇ ಕರೆತಂದಿದ್ದ.

‘ತಮಗೆ ಗೊತ್ತಿಲ್ದೇ ಇರುತ್ತಾ ಸಾರ್’ ಎಂದ ಮಂಜೇಶ, ಎಲ್ಲರೆದುರಿಗೆ.

ಇಡೀ ತಾಲ್ಲೂಕಿಗೆ ಗೊತ್ತಿದ್ದು ತನಗೊಬ್ಬನಿಗೆ ಗೊತ್ತಿಲ್ಲ ಎಂದು ಮೂರು ವಾರದ ಅಧಿಕಾರಿ ಒಪ್ಪಿಕೊಳ್ಳಲು ಸಾಧ್ಯವೇ? ಸುನಿಲ್‌ಕುಮಾರ್ ಅಂಗಾರಕವನ್ನು ನೋಡಿದರು, ಛಾವಣಿಯನ್ನು ನೋಡಿದರು, ನಿಧಾನವಾಗಿ ತಲೆಯಾಡಿಸಿದರು. ‘ಗೊತ್ತಿದೆ. ಎಲ್ಲಾ ಈಗಲೇ ಹೇಳೋ ಹಂತದಲ್ಲಿಲ್ಲ.’ ಆಮೇಲೆ ಗೋಪಾಲಪ್ಪನವರನ್ನು ಅಡುಗೆಮನೆಯ ಬಾಗಿಲ ಹತ್ತಿರ ಕರೆದು ಪಿಸುಗುಟ್ಟಿದರು. ‘ಸಾರ್, ತಾವು ಯಾವ ಇಲಾಖೆ?’

‘ಶಿಕ್ಷಣ ಇಲಾಖೆ.’

‘ಶಿಕ್ಷಣ’ ಎಂದು ಸುನಿಲ್‌ಕುಮಾರ್ ಬೆರಗಿನಿಂದ ಬರೆದುಕೊಂಡರು. ಸರ್ಕಾರ ಎಷ್ಟು ಗುಟ್ಟಾಗಿ ಕೆಲಸ ಮಾಡುತ್ತಿದೆ ಎಂಬ ಭಯಭಕ್ತಿ ಅವರ ಮುಖದಲ್ಲಿತ್ತು. ಆ ಬರೆದುಕೊಂಡದ್ದನ್ನು ಕಂಡವರಿಗೆ ಇನ್ನು ಯಾವ ಸಾಕ್ಷಿಯೂ ಬೇಕಾಗಲಿಲ್ಲ.

ಭಾನುವಾರ ಎಂಟೂವರೆಗೆ ಹೈದರ್ ಓಮ್ನಿ ತಂದು ನಿಲ್ಲಿಸಿದ. ಒಳಗೆ ಅಂಗಾರಕಕ್ಕೆಂದೇ ಸ್ಪಂಜಿನ ಹಾಸಿಗೆ ಹಾಸಿದ್ದ. ಗೋಪಾಲಪ್ಪನವರು ಇಸ್ತ್ರಿ ಅಂಗಿ ಹಾಕಿ, ಗಾಡಿಯನ್ನು ಎದೆಗೆ ಅವುಚಿಕೊಂಡು ಹೊಸ್ತಿಲು ದಾಟಿದರೆ, ಬೀದಿ ತುಂಬ ಜನ, ನಡುವೆ ಫೈಲು ಹಿಡಿದ ಸುನಿಲ್‌ಕುಮಾರ್.

‘ಮೇಷ್ಟ್ರು ಅದನ್ನ ಬೆಂಗಳೂರಿಗೆ ತಗೊಂಡೋಗಂಗಿಲ್ಲ’ ಎಂದರು ಡೇರಿ ಸೆಕ್ರೆಟರಿ. ‘ಅದು ಅಲ್ಲಿಗೆ ಹೋಯ್ತು ಅಂದ್ರೆ ಮಂಜೂರಾಯ್ತು ಅಂತ್ಲೇ. ಎಲ್ಲಿ ಇಳೀಬೇಕು ಅನ್ನೋದು ಇಲ್ಲೇ ತೀರ್ಮಾನ ಆಗ್ಲಿ.’

‘ಹನ್ನೊಂದರೊಳಗೆ ಮುಟ್ಟಿಸ್ಬೇಕು’ ಎಂದರು ಗೋಪಾಲಪ್ಪ, ಅಳುವ ದನಿಯಲ್ಲಿ.

‘ನೋಡಿ, ಗಡುವು ಬೇರೆ ಕೊಟ್ಟವ್ರೆ’ ಎಂದ ಮಂಜೇಶ.

ವಾಚನ ಮಾಡುವವರು ಘೋರವಾದ ಪ್ರಸಂಗ ಬಂದಾಗ ಒಂದು ಕ್ಷಣ ನಿಲ್ಲಿಸಿ ನೀರು ಕುಡಿಯುತ್ತಾರೆ. ನಾನೂ ಇಲ್ಲಿ ನಿಲ್ಲುತ್ತೇನೆ. ಏಕೆಂದರೆ ಗೋಪಾಲಪ್ಪನವರು ಆಗ ಕಣ್ಣು ಮುಚ್ಚಿ, ಎಂದೂ ಆಡದ ಮಾತನ್ನು ಆಡಿದರು.

‘ಇದು ಆಟದ ಸಾಮಾನು.’

ಯಾರೂ ನಂಬಲಿಲ್ಲ.

‘ಎರಡೇ ಅಡಿ. ಸುಳ್ಳು ಗಾಡಿ. ಇಂಥದ್ದು ಎಲ್ಲೂ ಇಲ್ಲ, ಬರೋದೂ ಇಲ್ಲ.’

‘ಆಟದ ಸಾಮಾನು ನೋಡೋಕೆ ಆರ್.ಐ. ಸಾಹೇಬ್ರು ಬರ್ತಾರಾ?’ ಎಂದಿತು ಜನ. ಎಲ್ಲರೂ ಸುನಿಲ್‌ಕುಮಾರ್ ಕಡೆ ತಿರುಗಿದರು. ಅವರು ಶೂ ನೋಡಿಕೊಂಡರು.

ಅಮ್ಮಯಮ್ಮ ಮುಂದೆ ಬಂದರು. ‘ಆಟದ್ದಾದ್ರೆ ಮುರೀರಿ. ಆಟದ ಸಾಮಾನು ಮುರಿಯೋಕೆ ಹುಟ್ಟಿರೋದು. ಮುರಿದ್ರೆ ನಂಬ್ತೀವಿ.’

ಗೋಪಾಲಪ್ಪನವರು ಅಂಗಾರಕವನ್ನು ಎರಡು ಕೈಯಲ್ಲಿ ಮೇಲೆತ್ತಿದರು. ಎತ್ತಿದ್ದು ಎತ್ತಿದ ಹಾಗೇ ಉಳಿಯಿತು. ಕೈಪಿಡಿ ಕಂಬಿಯ ಹಿಂದೆ ಎಳ್ಳಿನ ಕೆಲಸಗಾರರೆಲ್ಲ ನಡುಗಿದರು.

‘ಆಗಲ್ಲ ಕಣಮ್ಮ’ ಎಂದರು.

‘ನೋಡಿದ್ರಾ’ ಎಂದ ಮಂಜೇಶ.

ಆಗ ಗೋಪಾಲಪ್ಪನವರು ಗಾಡಿಯನ್ನು ಓಮ್ನಿಯ ತೆರೆದ ಬಾಗಿಲಲ್ಲಿ ಸ್ಪಂಜಿನ ಮೇಲೆ ಇಳಿಸಿ, ಜೇಬಿನಿಂದ ಕಟರ್ ತೆಗೆದರು. ಮೇಲ್ಗಡೆ ಗುಂಡಗೆ, ನುಣ್ಣಗೆ ಇದ್ದ ರಾಡಾರ್ ತಟ್ಟೆ ಇಡೀ ವಾಹನದಲ್ಲಿ ಅವರಿಗೆ ಅತ್ಯಂತ ಪ್ರಿಯವಾದದ್ದು. ಅದರ ಮೇಲೆ ಬ್ಲೇಡ್ ಇಟ್ಟು ಕೆರೆದರು. ಹೈದರ್ ಮುಖ ತಿರುಗಿಸಿಕೊಂಡ. ಅವನ ನಾಲ್ಕು ಕೋಟ್ ಒಂದೊಂದಾಗಿ ಪುಡಿಯಾಗಿ ಬಿದ್ದವು. ಬೂದು ಬಣ್ಣದ ಕೆಳಗಿನಿಂದ ಹಿತ್ತಾಳೆ ಹೊಳೆಯಿತು. ಹಿತ್ತಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ. ನಮ್ಮಲ್ಲಿ ಪಾತ್ರೆ ಅಂಗಡಿಯವರು ಹೆಸರು ಹಾಕಿಕೊಡುತ್ತಾರಲ್ಲ, ಹಾಗೆ.

ಮಂಜೇಶ ಬಗ್ಗಿ ಓದಿದ. ‘ಅ, ಮ್ಮ, ಯ, ಮ್ಮ.’

‘ಇದು ನನ್ನ ಸುಣ್ಣದ ಡಬ್ಬಿ ಮುಚ್ಚಳ’ ಎಂದರು ಅಮ್ಮಯಮ್ಮ. ‘ನಮ್ಮವ್ವ ಕೊಡ್ಸಿದ್ದು. ಹೋದ್ ಕಾರ್ತೀಕದಾಗೆ ಕಳ್ದೋಗಿ ಎರಡು ದಿನ ಎಲೆ ಹಾಕಿರ್ಲಿಲ್ಲ.’

‘ತಿಪ್ಪೇಲಿ ಸಿಕ್ತು. ಬಿಸಾಕಿದ್ದು ಅಂದ್ಕೊಂಡೆ.’

ಅಮ್ಮಯಮ್ಮ ಮುಚ್ಚಳವನ್ನು ನೋಡಿದರು, ಗಾಡಿಯನ್ನು ನೋಡಿದರು. ಅವರ ಮುಖದಲ್ಲಿ ಐದು ದಿನದ ಭಾರ ಇಳಿಯುವುದು ನನಗೆ ಸ್ಪಷ್ಟವಾಗಿ ಕಂಡಿತು. ಸುಣ್ಣದ ಡಬ್ಬಿಯ ಮುಚ್ಚಳ ಹೊತ್ತು ತಿರುಗುವ ಯಂತ್ರ ಒಂದು ಗುಲಾಬಿ ಗಿಡವನ್ನೂ ಕೀಳಲಾರದು. ‘ಅಯ್ಯೋ ಶಿವನೇ’ ಎಂದು ಓಮ್ನಿಗೆ ಒರಗಿ ನಗತೊಡಗಿದರು.

ಭಯ ಹೋಯಿತು. ಆದರೆ ಭಯ ಹೋದ ಜಾಗಕ್ಕೆ ಬಂದದ್ದು ಇನ್ನೂ ಅಪಾಯಕಾರಿ.

‘ಈ ಕಿತ್ತಳೆ ಗಾಜು ಯಾರದ್ದು?’ ಎಂದ ಮಂಜೇಶ. ‘ಕೆರೀರಿ ನೋಡಣ.’

‘ಕೆರೀಬೇಡಿ, ಹೇಳ್ತೀನಿ’ ಎಂದು ಗೋಪಾಲಪ್ಪನವರು ಗಾಡಿಗೆ ಅಡ್ಡ ನಿಂತರು. ‘ಅದು ನಿನ್ನ ಬೈಕಿನ ಇಂಡಿಕೇಟರ್. ಗಾಲಿಗಳು ಡೇರಿದು. ಕೊಳವೆಗಳು ಅಣ್ಣತಮ್ಮಂದಿರದ್ದು, ಬದುವಿನ ಮೇಲೆ ಬಿದ್ದಿದ್ದು, ಯಾರದ್ದು ಅಂತ ಗೊತ್ತಾಗ್ಲಿಲ್ಲ.’

ಹೀಗೆ ಬುಡದಿಂದ ತುದಿಯವರೆಗೆ ಒಪ್ಪಿಕೊಂಡರು. ಯುದ್ಧಕ್ಕೆ ಬಂದು ನಿಂತ ರಾಜರ ಹೆಸರುಗಳನ್ನು ವಾಚನದಲ್ಲಿ ಒಂದೇ ಉಸಿರಿಗೆ ಹೇಳುವುದುಂಟು, ಅದೇ ಧಾಟಿ. ಹತ್ತನೆಯ ಹೆಸರು ನನ್ನದು. ಹಿಂಬಾಗಿಲಿನ ಕೀಲು ನನ್ನ ಕನ್ನಡಕದ ಪೆಟ್ಟಿಗೆಯದ್ದಂತೆ. ಒಂದು ವರ್ಷದ ಮೇಲಾಯಿತು, ಆ ಪೆಟ್ಟಿಗೆಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಓಡಾಡುತ್ತಿದ್ದೇನೆ.

‘ನಮ್ಮದು ನಮಗೆ ಕೊಡಿ’ ಎಂದು ಯಾರೋ ಕೈ ಚಾಚಿದರು. ಆ ನೂಕಾಟದಲ್ಲಿ ಮುಂಭಾಗದ ಕಂಬಿ ಮತ್ತೆ ಮುರಿಯಿತು. ಗಂಟೆ ಒಂಬತ್ತೂಕಾಲು. ಗೋಪಾಲಪ್ಪನವರು ಮುರಿದ ಕಂಬಿಯನ್ನು ಅಂಗೈಯಲ್ಲಿ ಹಿಡಿದು ನಿಂತುಬಿಟ್ಟರು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಜನ ತಿರುಗಿ ಬೈಯುತ್ತಿದ್ದರು. ಸುಮ್ಮನೆ ನಿಂತದ್ದರಿಂದ ಎಲ್ಲರಿಗೂ ನಾಚಿಕೆಯಾಯಿತು.

‘ಬಿಡ್ರೋ’ ಎಂದರು ಅಮ್ಮಯಮ್ಮ. ‘ಒಂದ್ ಸಲ ಬೆಂಗಳೂರು ನೋಡ್ಕೊಂಡು ಬರ್ಲಿ. ನನ್ನ ಮುಚ್ಚಳನೂ ಆ ಊರು ನೋಡಿಲ್ಲ. ಆದ್ರೆ ನಾನೂ ಬರ್ತೀನಿ. ಇನ್ನೊಂದ್ ಸಲ ಕಳ್ಕೊಳೋಕೆ ಆಗಲ್ಲ.’

ಆಗ ಸುನಿಲ್‌ಕುಮಾರ್ ತಮ್ಮ ಫೈಲಿನಿಂದ ಸ್ಟೇಪ್ಲರ್ ಪಿನ್ನೊಂದನ್ನು ಬಿಡಿಸಿ, ನೆಟ್ಟಗೆ ಮಾಡಿ, ಮುಂದೆ ಹಿಡಿದರು. ಮುರಿದ ಜಾಗಕ್ಕೆ ಅದು ಹೇಳಿ ಮಾಡಿಸಿದಂತೆ ಕೂತಿತು. ಸೇವೆಗೆ ಸೇರಿದ ಮೇಲೆ ಅವರು ಮುಗಿಸಿದ ಮೊದಲ ಕಡತ ಅದು.

ಓಮ್ನಿಯಲ್ಲಿ ಏಳು ಜನ, ಮಂಜೇಶನ ಕಾರಿನಲ್ಲಿ ಆರು ಜನ. ಅಂಗಾರಕ ಅಮ್ಮಯಮ್ಮನ ತೊಡೆಯ ಮೇಲೆ. ಹಂಪು ಬಂದಾಗಲೆಲ್ಲ ಅವರು ‘ನಿಧಾನ ಸಾಬ್ರೇ’ ಎನ್ನುವರು, ಹೈದರ್ ‘ಆಯ್ತು ಅಮ್ಮಾಜಿ’ ಎನ್ನುವನು. ಹನ್ನೊಂದಕ್ಕೆ ನಾಲ್ಕು ನಿಮಿಷವಿದ್ದಾಗ ಅದು ಮೇಜಿನ ಮೇಲೆ ಕೂತಿತು.

ಸುತ್ತಲಿನ ಮೇಜುಗಳಲ್ಲಿ ವಿದೇಶದ ರಾಳ, ವಿದೇಶದ ಹಿತ್ತಾಳೆ. ಒಂದೊಂದರ ಪಕ್ಕ ಒಬ್ಬೊಬ್ಬ ಸುಮ್ಮನಿರುವ ಯುವಕ. ನಮ್ಮ ಮೇಜಿನ ಸುತ್ತ ಹದಿಮೂರು ಜನ, ಎಲ್ಲರೂ ಮಾತಾಡುವವರು. ತೀರ್ಪುಗಾರ್ತಿ ಶಾಝಿಯಾ ಎಂಬ ಹೆಣ್ಣುಮಗಳು ಭೂತಗನ್ನಡಿ ಹಿಡಿದು ಬಂದಳು. ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

‘ಈ ಧೂಳು’ ಎಂದಳು ಕೊನೆಗೆ. ‘ಎಲ್ಲರೂ ಬಣ್ಣದಲ್ಲಿ ಮಾಡ್ತಾರೆ. ಇದು ನಿಜವಾದ ಧೂಳಿನ ಹಾಗೇ ಇದೆಯಲ್ಲ ಸಾರ್, ಏನು ಬಳಸಿದ್ದೀರಿ?’

‘ನಂದೇ ಅದು’ ಎಂದರು ಅಮ್ಮಯಮ್ಮ. ‘ಹಸಿಗೊಬ್ಬರ ಹಾಕಿದ ಮಣ್ಣು. ಕಳ್ಳತನದಾಗೆ ತಂದವ್ರೆ.’

ಸೂಕ್ಷ್ಮ ವಿವರಗಳಿಗೆ ಕೊಡುವ ಬಹುಮಾನ ಅಂಗಾರಕ-೯ಕ್ಕೆ ಬಂತು. ಗೋಪಾಲಪ್ಪನವರು ಒಂದು ಕೈಯಲ್ಲಿ ಕಪ್ ಹಿಡಿದು, ಇನ್ನೊಂದರಲ್ಲಿ ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ರೇಷ್ಮೆ ಜುಬ್ಬಾ ತೊಟ್ಟ ದೊಡ್ಡ ಮನುಷ್ಯರೊಬ್ಬರು ಬಂದರು. ಇಂಥ ವಾಹನಗಳನ್ನು ಕೊಂಡು ಗಾಜಿನ ಕೋಣೆಯಲ್ಲಿ ಇಡುವುದು ಅವರ ಹವ್ಯಾಸವಂತೆ. ಅಂಗಾರಕ ತಮಗೆ ಬೇಕೇ ಬೇಕೆಂದರು. ಗೋಪಾಲಪ್ಪನವರ ಮುಖ ಸುಣ್ಣವಾಯಿತು. ಇಲ್ಲ ಎನ್ನುವುದು ಅವರಿಗೆ ಹುಟ್ಟಿನಿಂದ ಬಾರದು.

‘ಇದರ ಓನರ್ ಯಾರು?’ ಎಂದು ಕೇಳಿದರು ದೊಡ್ಡ ಮನುಷ್ಯರು.

ಅಮ್ಮಯಮ್ಮನ ಕೈ ಮೊದಲು ಎದ್ದಿತು. ಮಂಜೇಶನದ್ದು, ಡೇರಿ ಸೆಕ್ರೆಟರಿಯದ್ದು, ಅಣ್ಣನದ್ದು, ತಮ್ಮನದ್ದು, ಹೈದರನದ್ದು. ನನ್ನದು ಯಾವಾಗ ಎದ್ದಿತೋ ನನಗೇ ತಿಳಿಯದು. ಸುನಿಲ್‌ಕುಮಾರ್ ಸ್ವಲ್ಪ ಯೋಚಿಸಿ, ಹೆಬ್ಬೆರಳಿನಷ್ಟು ಎತ್ತಿದರು. ಎಲ್ಲರದ್ದೂ ಎದ್ದದ್ದನ್ನು ನೋಡಿ ಗೋಪಾಲಪ್ಪನವರು ತಮ್ಮದನ್ನೂ ಎತ್ತಿದರು, ಮುಖ ಪೂರ್ತಿ ಅರಳಿತ್ತು.

‘ಜಂಟಿ ಖಾತೆ ಸಾರ್’ ಎಂದ ಮಂಜೇಶ, ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಮಾರಾಟಕ್ಕೆ ಅಡ್ಡ ನಿಂತು. ‘ಎಲ್ಲರ ಸಹಿ ಬೇಕು.’

ದೊಡ್ಡ ಮನುಷ್ಯರು ನಕ್ಕು, ತಮ್ಮ ವಿಳಾಸದ ಚೀಟಿಯನ್ನು ಮೇಜಿನ ಮೇಲಿಟ್ಟರು. ‘ಪರವಾಗಿಲ್ಲ. ಎಲ್ಲರೂ ಒಪ್ಪಿದ ದಿನ ಫೋನ್ ಮಾಡಿ’ ಎಂದರು.

ಎಲ್ಲರೂ ಒಪ್ಪುವ ದಿನವೂ ಒಂದಿದೆ ಎಂದು ನಂಬಿದ ಅವರು ನಮ್ಮ ತಾಲ್ಲೂಕಿನವರಲ್ಲ ಎಂದು ಆಗಲೇ ಗೊತ್ತಾಯಿತು.